ಸ್ಕೂಟರ್ ಸಾಕಿ ನೋಡು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ನಮ್ಮ ಹಿರಿಯರ ಕಾಲಕ್ಕೆ ಸ್ಕೂಟರ್ ಇನ್ನೂ ಹುಟ್ಟಿರಲಿಲ್ಲ. ಹುಟ್ಟಿದ್ದರೆ ಆ ಗಾದೆಗೆ ಮೂರನೆಯ ಪಾದವೊಂದು ಖಂಡಿತ ಸೇರುತ್ತಿತ್ತು. ಮನೆ ಒಮ್ಮೆ ಕಟ್ಟಿದರೆ ಮುಗಿಯಿತು. ಮದುವೆಯೂ ಒಮ್ಮೆ ಮಾಡಿಕೊಟ್ಟರೆ ಮುಗಿಯಿತು. ಮುಂದಿನದು ದಂಪತಿಗಳ ಪಾಡು. ಸ್ಕೂಟರಿನ ವಿಷಯ ಹಾಗಲ್ಲ. ಅದನ್ನು ಕೊಂಡ ದಿನದಿಂದ ಸಾಕಬೇಕು. ಸಾಕುವುದು ಎಂಬ ಮಾತನ್ನು ನಾನು ಬೇಕೆಂದೇ ಬಳಸುತ್ತಿದ್ದೇನೆ. ನಮ್ಮ ಅವ್ವ ಧಾರವಾಡದ ಕಡೆಯ ಹಳ್ಳಿಯಿಂದ ಪುಣೆಗೆ ಮೊದಲ ಸಲ ಬಂದಾಗ, ಮೆಟ್ಟಿಲ ಕೆಳಗೆ ನಿಂತಿದ್ದ ಬೂದು ಬಣ್ಣದ ನಮ್ಮ ಗಾಡಿಯನ್ನು ಒಂದು ಸುತ್ತು ಬಂದು, ಅದರ ದುಂಡನೆಯ ಪಕ್ಕೆಗಳನ್ನು ತಟ್ಟಿ, "ಬಸವಣ್ಣನ ಹಂಗ ಐತಲ್ಲೋ ತಮ್ಮಾ, ಮೇವು ನೀರು ಬರೋಬರಿ ನೋಡ್ಕೋ" ಎಂದಳು. ಅಂದಿನಿಂದ ಅದರ ಹೆಸರು ಬಸವ.

ಬಸವನ ಹೆಸರನ್ನು ಬರೆಸಿದ್ದು 1976ರಲ್ಲಿ. ಅದು ಕೈಗೆ ಬಂದದ್ದು 1983ರಲ್ಲಿ. ನಡುವಿನ ಏಳು ವರ್ಷಗಳಲ್ಲಿ ನನ್ನ ಮದುವೆಯಾಯಿತು, ಮಗಳು ಹುಟ್ಟಿದಳು, ಮೂರು ಬಾಡಿಗೆ ಮನೆಗಳು ಬದಲಾದವು. ಇಂದಿನವರಿಗೆ ಇದು ಕಟ್ಟುಕತೆಯಂತೆ ತೋರಬಹುದು. ಆಗ ಠೇವಣಿ ಇಟ್ಟು ಹೆಸರು ಬರೆಸಿ, ವರ್ಷಗಟ್ಟಲೆ ಕಾಯುವುದು ನಡುವಿನ ವರ್ಗದ ಎಲ್ಲರ ಹಣೆಬರಹ. ವಿದೇಶಿ ಹಣದಲ್ಲಿ ಬೆಲೆ ಕಟ್ಟಬಲ್ಲ ನೆಂಟರಿದ್ದವರಿಗೆ ಮಾತ್ರ ಗಾಡಿ ಬೇಗ ಸಿಗುತ್ತಿತ್ತು. ಹುಡುಗನ ಹೆಸರಿನಲ್ಲಿ ಸ್ಕೂಟರ್ ಬುಕ್ ಆಗಿದೆ ಎಂಬ ಮಾತು ಹೆಣ್ಣು ಕೊಡುವವರ ಮುಂದೆ ಎರಡು ಎಕರೆ ನೀರಾವರಿ ಹೊಲಕ್ಕೆ ಸಮನಾಗಿತ್ತು. ಏಳು ವರ್ಷ ಕಾದು ಪಡೆದ ವಸ್ತುವನ್ನು ಯಾರೂ ಅಸಡ್ಡೆಯಿಂದ ನೋಡಲಾರರು. ನಮ್ಮ ತಲೆಮಾರಿನವರು ಗಾಡಿಯನ್ನು ಒರೆಸುತ್ತಲೇ ಇರುತ್ತಾರೆಂದು ಮಕ್ಕಳು ನಗುತ್ತಾರೆ. ಆ ಒರೆಸುವಿಕೆಯಲ್ಲಿ ಅರ್ಧ ಭಾಗ ಧೂಳಿಗೆ, ಇನ್ನರ್ಧ ಆ ಏಳು ವರ್ಷಗಳಿಗೆ.

ಈ ಬಗೆಯ ಸ್ಕೂಟರಿನ ಮೂಲ ಇಟಲಿ. ಎರಡನೆಯ ಮಹಾಯುದ್ಧದಲ್ಲಿ ಬಾಂಬಿಗೆ ತುತ್ತಾದ ಪಿಯಾಜಿಯೊ ವಿಮಾನ ಕಾರ್ಖಾನೆಯವರು ಯುದ್ಧ ಮುಗಿದ ಮೇಲೆ ಬಡ ಜನರಿಗೊಂದು ಅಗ್ಗದ ವಾಹನ ಮಾಡಲು ಹೊರಟರು. ಕೊರಾದಿನೊ ದಾಸ್ಕಾನಿಯೊ ಎಂಬ ಎಂಜಿನಿಯರರಿಗೆ ಆ ಕೆಲಸ ಬಂತು. ಅವರು ಹೆಲಿಕಾಪ್ಟರುಗಳನ್ನು ರೂಪಿಸಿದವರು. ಮೋಟಾರ್ ಸೈಕಲ್ಲೆಂದರೆ ಅವರಿಗೆ ಆಗುತ್ತಿರಲಿಲ್ಲ. ಚೈನಿನ ಎಣ್ಣೆ ಬಟ್ಟೆಗೆ ಮೆತ್ತುತ್ತದೆ, ಗಾಲಿ ಬಿಚ್ಚುವುದು ಕಷ್ಟ, ಕಾಲೆತ್ತಿ ಹತ್ತಬೇಕು ಎಂಬುದು ಅವರ ಆಕ್ಷೇಪ. ಆದ್ದರಿಂದ ಚೈನನ್ನೇ ತೆಗೆದು ಎಂಜಿನನ್ನು ಹಿಂದಿನ ಗಾಲಿಯ ಪಕ್ಕದಲ್ಲಿಯೇ ಕೂಡಿಸಿದರು. ವಿಮಾನದ ಗಾಲಿಯ ಹಾಗೆ ಮುಂದಿನ ಗಾಲಿಯನ್ನು ಒಂದೇ ಪಕ್ಕದಿಂದ ತೂಗುಹಾಕಿದರು. 1946ರಲ್ಲಿ ಹೊರಬಂದ ಆ ಗಾಡಿಗೆ ವೆಸ್ಪಾ, ಎಂದರೆ ಕಣಜ, ಎಂದು ಹೆಸರಾಯಿತು. ಇಟಲಿಯ ಆ ಎಂಜಿನಿಯರರಿಗೆ ನಮ್ಮ ಸೀರೆ, ಪಂಚೆಗಳ ಕಲ್ಪನೆ ಇದ್ದಿರಲಾರದು. ಆದರೂ ಸೀರೆ ಉಟ್ಟ ಗೃಹಿಣಿ, ಪಂಚೆ ಉಟ್ಟ ಮಾವನವರು ಇಬ್ಬರೂ ಮರ್ಯಾದೆ ಕೆಡದಂತೆ ಕೂರಬಲ್ಲ ವಾಹನ ಅವರ ಕೈಯಿಂದಲೇ ಆಯಿತು. ನಮ್ಮ ದೇಶದಲ್ಲಿ ಇಟಲಿಯವರ ಜತೆಗಿನ ಬಜಾಜ್ ಕಂಪನಿಯ ಒಪ್ಪಂದ 1971ರಲ್ಲಿ ಮುಗಿದು, 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತ ಚೇತಕ್ ಪುಣೆಯ ಪಕ್ಕದ ಆಕುರ್ಡಿಯಿಂದ ಹೊರಟಿತು. 2009ರ ಕೊನೆಯಲ್ಲಿ ಆ ಕಂಪನಿ ಸ್ಕೂಟರ್ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಸಾರಿದಾಗ ಈ ಊರಿನಲ್ಲಿ ಅನೇಕರಿಗೆ ಬಂಧುವಿಯೋಗದಷ್ಟು ದುಃಖವಾಯಿತು. ಅದೇ ಹೆಸರಿನ ವಿದ್ಯುತ್ ಸ್ಕೂಟರ್ 2020ರಲ್ಲಿ ಮಾರಾಟಕ್ಕೆ ಬಂದಾಗ ಮೊದಲು ಬಂದದ್ದು ಎರಡೇ ಊರಿಗೆ: ಪುಣೆ ಮತ್ತು ಬೆಂಗಳೂರು. ನಮ್ಮಂಥವರು ಎರಡೂ ಕಡೆಯ ಹೆಮ್ಮೆಗೆ ಹಕ್ಕುದಾರರು.

ಇನ್ನು ಮನೆಯ ಆರೈಕೆಯ ವಿಷಯ. 'ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು' ಎಂಬ ಗಾದೆಯನ್ನು ಒಕ್ಕಲುತನಕ್ಕಾಗಿ ಕಟ್ಟಿದ್ದರೂ ಟೂ ಸ್ಟ್ರೋಕ್ ಸ್ಕೂಟರಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಈ ಎಂಜಿನಿನಲ್ಲಿ ವಾಲ್ವುಗಳಿಲ್ಲ, ಅವನ್ನು ಎತ್ತಿ ಇಳಿಸುವ ಸರಂಜಾಮಿಲ್ಲ. ಪಿಸ್ಟನ್ ಮೇಲೆ ಕೆಳಗೆ ಆಡುತ್ತ, ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ತಾನೇ ಮುಚ್ಚಿ ತೆರೆಯುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಮೋಟಾರ್ ಸೈಕಲ್ಲುಗಳೂ ಇದೇ ಜಾತಿಯವು. ಬಿಚ್ಚಲು ಭಾಗಗಳು ಕಡಿಮೆ. ಆದ್ದರಿಂದ ನಾಲ್ಕು ಪಾನಾ, ಒಂದು ಸ್ಕ್ರೂಡ್ರೈವರ್, ಒಂದು ಪ್ಲಗ್ ಪಾನಾ, ಒಂದು ಚೂರು ಉಪ್ಪುಕಾಗದ, ಹಳೆಯ ಬನಿಯನ್ನು ಇಷ್ಟಿದ್ದರೆ ಗುಮಾಸ್ತನೂ ಅರ್ಧ ಮಿಸ್ತ್ರಿಯಾಗಬಹುದು.

ಮೊದಲನೆಯದು ಎಣ್ಣೆಯ ಪಾಠ. ಈ ಎಂಜಿನಿಗೆ ಪ್ರತ್ಯೇಕವಾಗಿ ಎಣ್ಣೆಯ ಕೊಳವಿಲ್ಲ. ಪೆಟ್ರೋಲಿನಲ್ಲಿ ಬೆರೆತು ಹೋದ ಎಣ್ಣೆಯೇ ಅದರ ಬೇರಿಂಗುಗಳನ್ನೂ ಪಿಸ್ಟನನ್ನೂ ಕಾಯಬೇಕು. ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಟೂಟಿ ಎಣ್ಣೆ ಎಂಬುದು ನಮ್ಮ ಮನೆಯ ಲೆಕ್ಕ. ಕಡಿಮೆಯಾದರೆ ಬಿಸಿಲಲ್ಲಿ ಘಾಟು ಹತ್ತುವಾಗ ಪಿಸ್ಟನ್ ಹಿಗ್ಗಿ ಗಾಡಿ ನಡುದಾರಿಯಲ್ಲಿ ಹಿಡಿದುಕೊಳ್ಳುತ್ತದೆ. ಗಾಡಿಯ ಮೇಲಿನ ಪ್ರೀತಿಯಿಂದ ಒಂದು ಮುಚ್ಚಳ ಜಾಸ್ತಿ ಸುರಿದರೆ ಪ್ಲಗ್ಗಿಗೆ ಮಸಿ, ಸೈಲೆನ್ಸರಿಗೆ ಮಸಿ, ಹಿಂದೆ ಬರುವವರ ಮುಖಕ್ಕೆ ಮಸಿ. ಅಡಿಗೆಯಲ್ಲಿ ಉಪ್ಪಿನ ಹಾಗೆ ಇಲ್ಲಿಯೂ ಹದವೇ ಮುಖ್ಯ. ಗೇರ್ ಪೆಟ್ಟಿಗೆಯ ಎಣ್ಣೆ ಬೇರೆ. ಅದು ಕಾಲು ಲೀಟರಿನಷ್ಟು. ಎಂಜಿನ್ ಬೆಚ್ಚಗಿರುವಾಗ ಕೆಳಗಿನ ತಿರುಪು ಬಿಚ್ಚಿದರೆ ಹಳೆಯದು ಪೂರ್ತಿ ಇಳಿಯುತ್ತದೆ. ತಣ್ಣಗಿದ್ದಾಗ ಅದು ಹಳೆಯ ಬೆಲ್ಲದ ಪಾಕದಂತೆ ಒಳಗೇ ಅಂಟಿ ಕೂರುತ್ತದೆ.

ಎರಡನೆಯದು ಪ್ಲಗ್ಗು. ವೈದ್ಯರು ನಾಲಗೆ ನೋಡುವಂತೆ ಬಲ್ಲವರು ಪ್ಲಗ್ಗನ್ನು ನೋಡುತ್ತಾರೆ. ಕಾಫಿ ಪುಡಿಯ ಬಣ್ಣವಿದ್ದರೆ ಆರೋಗ್ಯ. ಕಪ್ಪಗೆ ಒದ್ದೆಯಾಗಿದ್ದರೆ ಎಣ್ಣೆ ಹೆಚ್ಚು, ಅಥವಾ ಗಾಳಿಯ ಫಿಲ್ಟರ್ ಕಟ್ಟಿಕೊಂಡಿದೆ. ಸುಣ್ಣದಂತೆ ಬೆಳ್ಳಗಾಗಿದ್ದರೆ ಎಂಜಿನ್ ಸುಡುತ್ತಿದೆ, ತಡಮಾಡಬಾರದು. ತುದಿಯ ಸಂದು ಅರ್ಧ ಮಿಲಿಮೀಟರಿಗಿಂತ ಒಂದಿಷ್ಟು ಹೆಚ್ಚಿರಬೇಕು. ಬೇರೆಯೊಂದು ಪ್ಲಗ್ಗು ಸದಾ ಗಾಡಿಯ ಡಬ್ಬಿಯಲ್ಲಿರಬೇಕು. ಪುಣೆಯ ಜೂನ್ ತಿಂಗಳಿನಲ್ಲಿ ಮುಳುಗಿದ ಸೇತುವೆಯ ಈಚೆ ನಿಂತು, ಒಣ ಬಟ್ಟೆಯಿಂದ ಪ್ಲಗ್ಗು ಒರೆಸಿ ಒಂದೇ ಒದೆತಕ್ಕೆ ಗಾಡಿಯನ್ನು ಎಬ್ಬಿಸಿದವನಿಗೆ ಆಗುವ ಆನಂದ ಅನುಭವಿಸಿದವರಿಗೇ ಗೊತ್ತು.

ಮೂರನೆಯದು ಕಾರ್ಬ್ಯುರೇಟರು. ಅದರ ಜೆಟ್ಟಿನ ರಂಧ್ರ ಕೂದಲೆಳೆಯಷ್ಟು ಸಣ್ಣದು. ಕಸ ಸಿಕ್ಕಿದರೆ ಮನೆಯಾಕೆಯ ತಲೆಪಿನ್ನು ತುರುಕಿ ಚುಚ್ಚುವವರಿದ್ದಾರೆ. ಹಿತ್ತಾಳೆ ಮೆತ್ತಗಿನ ಲೋಹ; ಚುಚ್ಚಿದ ರಂಧ್ರ ದೊಡ್ಡದಾಗಿ, ಅಂದಿನಿಂದ ಗಾಡಿ ಪೆಟ್ರೋಲನ್ನು ನೀರಿನಂತೆ ಕುಡಿಯುತ್ತದೆ. ಪೆಟ್ರೋಲಿನಲ್ಲಿ ತೊಳೆದು ಸೈಕಲ್ ಪಂಪಿನಿಂದ ಗಾಳಿ ಹೊಡೆದರೆ ಸಾಕು. ಈಚೆಗೆ ಇನ್ನೊಂದು ಎಚ್ಚರ ಸೇರಿದೆ. 2023ರಿಂದ ನಮ್ಮ ಬಂಕುಗಳಿಗೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲ್ ಬರತೊಡಗಿತು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹಳೆಯ ಕಾಲದ ರಬ್ಬರ್ ಕೊಳವೆ, ವಾಷರುಗಳನ್ನು ಮೆತ್ತಗೆ ಮಾಡಿ ಉಬ್ಬಿಸುತ್ತದೆ. ಗಾಡಿಯನ್ನು ನಾಲ್ಕಾರು ದಿನ ನಿಲ್ಲಿಸುವುದಿದ್ದರೆ ಪೆಟ್ರೋಲಿನ ಕೀಲಿ ಮುಚ್ಚಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ತೀರಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಬಿಡುವುದು ಒಳ್ಳೆಯದು. ಹಳೆಯ ಕೊಳವೆಯನ್ನು ಈ ಪೆಟ್ರೋಲಿಗೆ ತಾಳುವ ಹೊಸದಕ್ಕೆ ಬದಲಿಸಿಕೊಳ್ಳಬೇಕು. ಅಗ್ಗದ ಕೊಳವೆಯಿಂದ ಎಂಜಿನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕುವುದು ಬೆಂಕಿಯ ಜತೆ ಸರಸ.

ನಾಲ್ಕನೆಯದು ಕೇಬಲ್ಲುಗಳು. ಕ್ಲಚ್ಚಿಗೊಂದು, ಗೇರಿಗೆರಡು, ಬ್ರೇಕಿಗೆ, ಆಕ್ಸಿಲರೇಟರಿಗೆ ಬೇರೆ ಬೇರೆ. ಮನುಷ್ಯನ ನರಗಳಂತೆ ಇವು ಗಾಡಿಯ ಒಳಗೆಲ್ಲ ಹಬ್ಬಿವೆ. ಬೇಸಿಗೆಯ ಕೊನೆಯಲ್ಲಿ ಇವನ್ನು ಬಿಚ್ಚಿ, ರಾತ್ರಿ ಗೋಡೆಯ ಮೊಳೆಗೆ ತೂಗುಹಾಕಿ, ಮೇಲಿನ ತುದಿಗೆ ಕಾಗದದ ಪೊಟ್ಟಣ ಕಟ್ಟಿ ನಾಲ್ಕು ಹನಿ ಎಣ್ಣೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ತುದಿ ಮುಟ್ಟಿರುತ್ತದೆ. ಕೆಳಗೆ ಹಳೆಯ ಪತ್ರಿಕೆ ಹಾಸುವುದು ಸಂಸಾರದ ಶಾಂತಿಯ ದೃಷ್ಟಿಯಿಂದ ಅಗತ್ಯ. ಹೊರಕವಚ ಸಹಿತ ಕೇಬಲ್ ಬದಲಿಸುವಾಗ ಹಳೆಯದರ ತುದಿಗೆ ಹೊಸದನ್ನು ಕಟ್ಟಿ ಎಳೆದುಕೊಂಡರೆ ಅದು ದಾರಿ ತಪ್ಪುವುದಿಲ್ಲ.

ಗಾಲಿಯ ಬಗ್ಗೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಈ ಗಾಡಿಗಳ ರಿಮ್ ಎರಡು ತಟ್ಟೆಗಳನ್ನು ನಟ್ಟುಗಳಿಂದ ಕೂಡಿಸಿದ್ದು. ಆದ್ದರಿಂದ ಟಯರು ಕೀಳುವ ಕಬ್ಬಿಣದ ಪಟ್ಟಿಯಿಲ್ಲದೆ ಮನೆಯಲ್ಲೇ ಟ್ಯೂಬ್ ಬದಲಿಸಬಹುದು. ಆದರೆ ಗಾಳಿ ಪೂರ್ತಿ ಬಿಡದೆ ಆ ನಟ್ಟುಗಳಿಗೆ ಪಾನಾ ಹಚ್ಚಬಾರದು. ಒಳಗಿನ ಒತ್ತಡಕ್ಕೆ ತಟ್ಟೆ ಸಿಡಿದರೆ ಕೈಯೂ ಉಳಿಯದು, ಮುಖವೂ ಉಳಿಯದು. ಗಾಲಿಯನ್ನು ಗಾಡಿಗೆ ಹಿಡಿದಿರುವ ನಟ್ಟು ಬೇರೆ, ರಿಮ್ಮನ್ನು ಕೂಡಿಸಿರುವ ನಟ್ಟು ಬೇರೆ. ಮಕ್ಕಳಿಗೆ ಕೆಲಸ ಕಲಿಸುವವರು ಈ ಭೇದವನ್ನು ಮೊದಲ ದಿನವೇ ಕೈ ಹಿಡಿದು ತೋರಿಸಬೇಕು.

ಕೊನೆಯದು ಮೈಯ ತುಕ್ಕು. ಈ ಗಾಡಿಗೆ ಪ್ರತ್ಯೇಕ ಚೌಕಟ್ಟಿಲ್ಲ. ತಗಡಿನ ಮೈಯೇ ಅದರ ಎಲುಬು. ಕಾಲಿಡುವ ಹಲಗೆಯ ಮೇಲಿನ ರಬ್ಬರ್ ಹಾಸು ನೋಡಲು ಚಂದ, ಅದರಡಿ ಮಳೆಯ ನೀರು ತಿಂಗಳುಗಟ್ಟಲೆ ನಿಂತಿರುತ್ತದೆ. ಮೇಲೆ ಬಣ್ಣ ಮಿರುಗುತ್ತಿರುವಾಗಲೇ ಕೆಳಗೆ ಎಲುಬು ಸವೆಯುತ್ತಿರುತ್ತದೆ. ಆದ್ದರಿಂದ ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ, ಆಯುಧಪೂಜೆಯ ಹಿಂದಿನ ಭಾನುವಾರ, ಹಾಸನ್ನು ಎತ್ತಿ, ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿಯುತ್ತೇವೆ. ಅದೇ ವೇಳೆಗೆ ಸಿಲಿಂಡರಿನ ತಲೆ ಬಿಚ್ಚಿ, ಕಟ್ಟಿಕೊಂಡ ಮಸಿಯನ್ನು ಮೊಂಡಾದ ಮರದ ಚೂರಿನಿಂದ ಕೆರೆಯುವ ಕೆಲಸ. ಸ್ಕ್ರೂಡ್ರೈವರಿನಿಂದ ಕೆರೆದರೆ ಅಲ್ಯೂಮಿನಿಯಮ್ಮಿಗೆ ಗೀರು ಬೀಳುತ್ತದೆ, ಆ ಗೀರಿನಲ್ಲೇ ಮುಂದಿನ ಮಸಿ ಮನೆ ಮಾಡುತ್ತದೆ. ಹೀಗೆ ಮೈ ತೊಳೆದ ಬಸವನಿಗೆ ಮಾರನೆಯ ವಾರ ಚೆಂಡು ಹೂವಿನ ಹಾರ, ಗಾಲಿಯ ಕೆಳಗೆ ನಿಂಬೆಹಣ್ಣು. ಪೂಜೆಯ ತಟ್ಟೆಯಲ್ಲಿ ಪಾನಾಗಳಿಗೂ ಕುಂಕುಮ.

ಬಿಡಿ ಭಾಗಗಳಿಗಾಗಿ ನಾನಾ ಪೇಠೆಯ ಅಂಗಡಿಗಳು. ಅಲ್ಲಿ ಇಲ್ಲದ್ದಕ್ಕೆ ಬುಧವಾರ, ಭಾನುವಾರಗಳ ಜೂನಾ ಬಜಾರ್. ಅಲ್ಲಿ ಅಲೆಯುತ್ತ ನಾನು ಕಲಿತ ಮರಾಠಿಯನ್ನು ಯಾವ ಪುಸ್ತಕವೂ ಕಲಿಸಲಾರದಿತ್ತು. ಕಚೇರಿಯಲ್ಲಿ ಇಂಗ್ಲಿಷಿನಿಂದ ಸಾಗುತ್ತಿತ್ತು. ಆದರೆ 'ಗಾಡಿ ಬೆಳಿಗ್ಗೆ ಕೆಮ್ಮುತ್ತದೆ, ಮಧ್ಯಾಹ್ನ ಸರಿಹೋಗುತ್ತದೆ' ಎಂಬುದನ್ನು ಮಿಸ್ತ್ರಿಗೆ ಹೇಳಲು ಇಂಗ್ಲಿಷ್ ಬರುವುದಿಲ್ಲ. ಎಂಜಿನ್ನನ್ನು ಎರಡು ಸಲ ಬೋರು ಮಾಡಿಸಿದ್ದು ನಮ್ಮ ಗಲ್ಲಿಯ ಮಿಸ್ತ್ರಿಯಿಂದಲೇ. ಮನೆಯಲ್ಲಿ ಆಗುವುದು ಎಷ್ಟು, ಆಗದ್ದು ಎಷ್ಟು ಎಂಬ ಗೆರೆಯನ್ನು ಅವರೇ ಹಾಕಿಕೊಟ್ಟರು: "ಅಣ್ಣಾ, ತಲೆಯವರೆಗೆ ನಿಮ್ಮದು, ಹೊಟ್ಟೆ ನನ್ನದು." ದಕ್ಷಿಣದವರೆಲ್ಲ ಈ ಊರಿಗೆ ಅಣ್ಣಂದಿರು. ಆರಂಭದಲ್ಲಿ ಆ ಮಾತು ನನ್ನನ್ನು ಹೊರಗಿನವನೆಂದು ಎತ್ತಿ ತೋರಿಸುವಂತೆ ಕೇಳುತ್ತಿತ್ತು. ಹತ್ತು ವರ್ಷಗಳ ಮೇಲೆ ಅದೇ ಮಿಸ್ತ್ರಿಯ ಮಗಳ ಮದುವೆಗೆ ಹಣ್ಣಿನ ಬುಟ್ಟಿಗಳನ್ನು ಬಸವನ ಮೇಲೆಯೇ ಹೊತ್ತು ತಂದಾಗ 'ಅಣ್ಣಾ' ಎಂಬುದು ನೆಂಟಸ್ತಿಕೆಯ ಹೆಸರೇ ಆಗಿಹೋಗಿತ್ತು.

ಬಸವ ಹೊತ್ತದ್ದಕ್ಕೆ ಲೆಕ್ಕವಿಲ್ಲ. ಮುಂದೆ ನಿಂತ ಮಗಳು, ಹಿಂದೆ ಒಂದು ಪಕ್ಕಕ್ಕೆ ಕುಳಿತ ಮನೆಯಾಕೆ, ಅವಳ ತೊಡೆಯ ಮೇಲೆ ಕೂಸು, ಕಾಲ ಬಳಿ ಗ್ಯಾಸಿನ ಸಿಲಿಂಡರು. ಊರಿನಿಂದ ಬಸ್ಸಿನಲ್ಲಿ ಬಂದ ಜೋಳದ ಚೀಲ. ರಾಜ್ಯೋತ್ಸವದ ಸಂಜೆ ಸಂಘದ ಹಾರ್ಮೋನಿಯಂ, ನಾಟಕದ ದಿನ ಭೀಮಸೇನನ ಗದೆ. ಆ ಗದೆಯನ್ನು ಹಿಡಿದು ಹಿಂದೆ ಕುಳಿತ ಕಲಾವಿದರನ್ನು ಲಕ್ಷ್ಮೀ ರಸ್ತೆಯ ಪೋಲೀಸರು ನಿಲ್ಲಿಸಲಿಲ್ಲ. ನಮಸ್ಕಾರ ಮಾಡಿ ಕಳಿಸಿದರು.

ಇಷ್ಟೆಲ್ಲ ಹೊಗಳಿದ ಮೇಲೆ ಅದರ ಹೊಗೆಯ ಮಾತನ್ನೂ ಆಡದಿದ್ದರೆ ನ್ಯಾಯವಲ್ಲ. ಟೂ ಸ್ಟ್ರೋಕ್ ಎಂಜಿನಿನಲ್ಲಿ ಎಣ್ಣೆ ಸುಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಕಿಂಡಿಗಳು ಒಟ್ಟಿಗೆ ತೆರೆದಿರುವ ಗಳಿಗೆಯಲ್ಲಿ ಉರಿಯದ ಪೆಟ್ರೋಲಿನ ಒಂದು ಪಾಲು ನೇರವಾಗಿ ಹೊರಗೆ ಹೋಗುತ್ತದೆ. ಹದವಾಗಿ ಸಾಕಿದರೆ ಹೊಗೆ ಕಡಿಮೆಯಾದೀತು, ಹೋಗದು. ಗಾಡಿಗೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಅದನ್ನು ಸಾರಿಗೆ ಕಚೇರಿಗೆ ಒಯ್ದು ತೋರಿಸಿ, ಪರಿಸರ ತೆರಿಗೆ ಕಟ್ಟಿ, ನೋಂದಣಿಯನ್ನು ಹೊಸದು ಮಾಡಿಸಬೇಕು. 300 ರೂಪಾಯಿ ಇದ್ದ ನವೀಕರಣದ ಶುಲ್ಕ 2022ರ ಏಪ್ರಿಲಿನಲ್ಲಿ 1,000 ಆಯಿತು; 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಗಾಡಿಗಳಿಗೆ 2,000 ಆಯಿತು. ಸರಕಾರದ ಮನಸ್ಸು ಏನೆಂದು ಇದರಿಂದಲೇ ತಿಳಿಯುತ್ತದೆ. 2018ರಲ್ಲಿ ದೆಹಲಿಯ ಸುತ್ತ ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿಗಳು ಓಡಬಾರದೆಂದು ಸುಪ್ರೀಂ ಕೋರ್ಟು ಹೇಳಿದಾಗ ಅಲ್ಲಿದ್ದ ನಮ್ಮ ಭಾವನವರು ತಮ್ಮ ಗಾಡಿಯನ್ನು ಗುಜರಿಗೆ ಕೊಟ್ಟು, ಅದರ ಕೀಲಿಕೈಯನ್ನು ಮಾತ್ರ ದೇವರ ಗೂಡಿನಲ್ಲಿ ಇಟ್ಟುಕೊಂಡರು.

ನಮ್ಮ ಮನೆಯಲ್ಲಿ ಈ ಪ್ರಶ್ನೆ 2023ರ ನವೀಕರಣದ ಹೊತ್ತಿಗೆ ಎದ್ದಿತು. ನನ್ನ ಮೊಣಕಾಲು ಕಿಕ್ಕಿಗೆ ಒಪ್ಪದೆ ಎರಡು ವರ್ಷವಾಗಿತ್ತು. "ರೀ, ಓಡಿಸೋರು ಯಾರು, ಉಸಿರು ಕಟ್ಟೋರು ಯಾರು? ಕೊಟ್ಟುಬಿಡ್ರಿ" ಎಂದಳು ಮನೆಯಾಕೆ. ಮಾತು ತೂಕದ್ದೇ. ಮಗಳ ಓಡಾಟಕ್ಕೆ ವಿದ್ಯುತ್ ಸ್ಕೂಟರ್ ಇದೆ; ಅದಕ್ಕೆ ಹೊಗೆಯಿಲ್ಲ, ಒದೆತವಿಲ್ಲ, ಪ್ಲಗ್ಗೂ ಇಲ್ಲ. ಕೊಡುವುದೆಂದು ನಾನೂ ಹೆಚ್ಚು ಕಡಿಮೆ ಒಪ್ಪಿದ್ದೆ. ಬೇಡವೆಂದವಳು ಮಗಳು. ಅವಳ ವಾದ ಗಾಡಿಯದಲ್ಲ, ಲೆಕ್ಕದ ಪುಸ್ತಕದ್ದು.

1983ರಿಂದ ಬಸವನದೊಂದು ರಟ್ಟಿನ ಪುಸ್ತಕವಿದೆ. ಯಾವ ದಿನ ಯಾವ ಕೇಬಲ್, ಎಷ್ಟನೆಯ ಕಿಲೋಮೀಟರಿಗೆ ಯಾವ ಎಣ್ಣೆ, ಎಲ್ಲವೂ ಅದರಲ್ಲಿ ಕನ್ನಡದಲ್ಲಿದೆ. ನನಗೆ ಲೆಕ್ಕ ಬರೆಯಲು ಬರುವುದು ಆ ಭಾಷೆಯಲ್ಲೇ. ಅಲ್ಲಲ್ಲಿ ಲೆಕ್ಕದಾಚೆಯ ಮಾತುಗಳೂ ನುಸುಳಿವೆ: 'ಕ್ಲಚ್ ಕೇಬಲ್ ಹೊಸದು. ಅವ್ವ ಊರಿಗೆ ಹೋದಳು. ಮಳೆ.' ಮಗಳು ಓದಿದ್ದು ಇಂಗ್ಲಿಷ್ ಶಾಲೆ, ಆಡಿದ್ದು ಮರಾಠಿ ಅಂಗಳ. ಮನೆಯಲ್ಲಿ ಕನ್ನಡ ಮಾತನಾಡುತ್ತಿದ್ದಳು, ಅಕ್ಷರ ಬರುತ್ತಿರಲಿಲ್ಲ. ಸಂಘದ ಕನ್ನಡ ತರಗತಿಗೆ ಕಳಿಸಿದರೆ ಹೊಟ್ಟೆನೋವು ಬರುತ್ತಿತ್ತು. ಹದಿನೈದನೆಯ ವಯಸ್ಸಿಗೆ ಅವಳಿಗೆ ಗಾಡಿಯ ಹುಚ್ಚು ಹಿಡಿಯಿತು. ಪ್ಲಗ್ಗು ಯಾವಾಗ ಬದಲಿಸಿದ್ದು ಎಂದು ಕೇಳಿದಾಗಲೆಲ್ಲ, "ಪುಸ್ತಕ ನೋಡವ್ವಾ" ಎನ್ನುತ್ತಿದ್ದೆ. ಮೊದಲು ಅಂಕಿಗಳ ಜಾಡು ಹಿಡಿದಳು. ಆಮೇಲೆ 'ಪ್ಲಗ್ಗು', 'ಬ್ರೇಕು', 'ಎಣ್ಣೆ'. ಒತ್ತಕ್ಷರ ಕಲಿತದ್ದು 'ಕಾರ್ಬ್ಯುರೇಟರ್' ಎಂಬ ಪದದಿಂದ. ಅದನ್ನು ಓದಿದವರಿಗೆ ಮುಂದೆ ಕನ್ನಡದಲ್ಲಿ ಹೆದರಬೇಕಾದ ಪದವೇ ಇಲ್ಲ.

"ಗಾಡಿ ಕೊಟ್ಟರ ಪುಸ್ತಕ ನಿಲ್ಲತದ ಅಪ್ಪಾ. ನಾ ಕನ್ನಡ ಬರಿಯೋದು ಅದೊಂದರಾಗ" ಎಂದಳು. ನಮ್ಮ ಸಂಘದ ಸಭೆಗಳಲ್ಲಿ, ಹೊರನಾಡಿನಲ್ಲಿ ಹುಟ್ಟಿದ ಮಕ್ಕಳಿಗೆ ಭಾಷೆ ಉಳಿಸುವುದು ಹೇಗೆಂದು ಎಷ್ಟೋ ಭಾಷಣಗಳನ್ನು ಕೇಳಿದ್ದೇನೆ. ಒಂದೆರಡನ್ನು ನಾನೇ ಮಾಡಿದ್ದೇನೆ. ಅವುಗಳಲ್ಲಿ ಎಲ್ಲಿಯೂ ಈ ಉತ್ತರ ಬಂದಿರಲಿಲ್ಲ. ಮನೆಯಾಕೆ ಒಂದು ದಿನ ಯೋಚಿಸಿ, "ಹಂಗಾದ್ರ ಭಾನುವಾರ ಒಂದು ದಿನ, ಮಂಡಈ ತನಕ ಅಷ್ಟ" ಎಂದು ತೀರ್ಪು ಕೊಟ್ಟಳು. ಶುಲ್ಕ ಕಟ್ಟಿದೆವು.

ಈಗ ವಾರಕ್ಕೊಮ್ಮೆ ಮಗಳು ಬಂದು ಬಸವನನ್ನು ತರಕಾರಿ ಪೇಟೆಯವರೆಗೆ ಒಯ್ದು ತರುತ್ತಾಳೆ. ನಾನು ಕುರ್ಚಿ ಹಾಕಿಕೊಂಡು ಪಾನಾ ಎತ್ತಿ ಕೊಡುವ ಕೆಲಸ ಮಾಡುತ್ತೇನೆ. ಅವಳ ಮಗ ಟಾರ್ಚು ಹಿಡಿಯುತ್ತಾನೆ. ನವೀಕರಣದ ಮುಂದಿನ ಸರದಿ 2028ರಲ್ಲಿ. ಆಗ ಕಾನೂನು ಏನನ್ನುತ್ತದೋ, ಪೆಟ್ರೋಲ್ ಹೇಗಿರುತ್ತದೋ, ನಾನು ಎಲ್ಲಿರುತ್ತೇನೋ. ಬಿಡಬೇಕೆಂದು ಬಂದರೆ ಬಿಡಬೇಕು, ಗಾಳಿ ಎಲ್ಲರದು. ಕಳೆದ ತಿಂಗಳು ಪುಸ್ತಕದಲ್ಲಿ ಹೊಸದೊಂದು ಕೈಬರಹ ಕಂಡಿತು. ಸಾಲು ಸೊಟ್ಟ, 'ಣ' ಇರಬೇಕಾದಲ್ಲಿ 'ನ': 'ಗೇರ್ ಎನ್ನೆ ಬದಲಿಸಿದೆವು. ಅಜ್ಜ ಬೈಯಲಿಲ್ಲ.'